ಅತ್ತೆಯ ಅಳತೆ

ನಮ್ಮತ್ತೆ ಹೊಲಿದ ಬಟ್ಟೆ ಮೈಗೆ ಸರಿಹೋದದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಹಾರ ಹಾಕುತ್ತೇನೆ! ಜವಳಗಿರಿಯಲ್ಲಿ ರಾಗಿ ಹೊಲ ನೋಡಿಕೊಂಡಿರುವ ಈಕೆ ನಮ್ಮಪ್ಪನ ಅಕ್ಕ. ಹೊಲಕ್ಕೆ ನುಗ್ಗುವ ಆನೆಗೂ ಹೆದರದವಳು, ಬಟ್ಟೆ ಎಲ್ಲಿ ಬಿಗಿಯಾಗಿಬಿಡುತ್ತದೋ ಎಂದು ಮಾತ್ರ ಹೆದರುತ್ತಾಳೆ.

ಹೊಲಿಯುವುದು ಕೈಯಲ್ಲೇ. ಟೇಪು ಕೊಟ್ಟರೆ ಅತ್ತ ಸರಿಸುತ್ತಾಳೆ. "ಆ ಪಟ್ಟೀಗೆ ಅಂಕಿ ಗೊತ್ತು ಕಣ್ಲಾ, ಮೈ ಗೊತ್ತಾ?" ಗೇಣು ಹಾಕಿ ಅಳೆದು, ಅದರ ಮೇಲೆ ನಾಲ್ಕು ಬೆರಳಷ್ಟು 'ಬೆಳೆಯೋದಕ್ಕೆ' ಅಂತ ಸೇರಿಸುತ್ತಾಳೆ. ಚಿಕ್ಕಂದಿನಲ್ಲಿ ಅವಳು ಹೊಲಿದ ಚಡ್ಡಿ ಹಾಕಿಕೊಂಡಾಗೆಲ್ಲ ನನ್ನ ಮಾನ ಕಾಪಾಡಿದ್ದು ಉಡಿದಾರ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಗೊಂದು ರವಿಕೆ ಹೊಲಿದಳು. ಹೆಂಡತಿ ಅದನ್ನು ತೊಟ್ಟು, "ನೀವೂ ಬನ್ರೀ ಒಳಗೆ, ಜಾಗ ಐತೆ" ಅಂದಳು! ದಿಂಬಿನ ಚೀಲದ ಕತೆಯೂ ಅಷ್ಟೇ. "ದಿಂಬೇನು ಬೆಳೀತದಾ ಅತ್ತೆ?" ಅಂದರೆ, "ಬಿಸಿಲಿಗಾಕಿದ್ರೆ ಹತ್ತಿ ಉಬ್ಬಾಕಿಲ್ವೇನ್ಲಾ?" ಇಂಥವಳ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಈಚೆಗೆ ನಾಲ್ಕನೇ ಕ್ಲಾಸಿನ ನಮ್ಮ ಮಗಳು ಟೈಫಾಯ್ಡ್‌ನಿಂದ ಎದ್ದಳು. ಜ್ವರ ಬಿಟ್ಟಿತು, ಮಗು ಮಾತ್ರ ಕಡ್ಡಿಯಾಗಿತ್ತು. ಸ್ಕೂಲಿಗೆ ಹೋದ ಮೊದಲ ದಿನವೇ, ಪ್ರೇಯರ್‌ನಲ್ಲಿ ಕೈ ಮುಗಿದು ನಿಂತಾಗ ಯೂನಿಫಾರ್ಮ್ ಸ್ಕರ್ಟು ಜಾರಿತಂತೆ. ಮಕ್ಕಳು ನಕ್ಕರಂತೆ. ಮಾರನೆಯ ದಿನ ಅವಳು ಮಂಚ ಬಿಟ್ಟು ಇಳಿಯಲಿಲ್ಲ. ಪಿನ್ನು ಹಾಕುತ್ತೇವೆ ಎಂದೆವು, ಬೆಲ್ಟು ಕಟ್ಟುತ್ತೇವೆ ಎಂದೆವು. "ನಾನಿನ್ನು ಸ್ಕೂಲ್ಗೇ ಹೋಗಲ್ಲಪ್ಪಾ." ಅದೊಂದೇ ಮಾತು. ಫ್ಯಾಕ್ಟರಿಗೆ ಹೋದರೂ ನನ್ನ ಮನಸ್ಸೆಲ್ಲ ಮನೆಯಲ್ಲೇ.

ಸುದ್ದಿ ಕೇಳಿದ ಅತ್ತೆ ಬಸ್ಸು ಹತ್ತಿ ಅವಲಪಲ್ಲಿಯ ನಮ್ಮ ಮನೆಗೆ ಬಂದೇಬಿಟ್ಟಳು, ಕೈಯಲ್ಲಿ ಸೂಜಿ ದಾರದ ಡಬ್ಬ! ದೇವರೇ, ಇರುವ ಸ್ಕರ್ಟೇ ಜಾರುತ್ತಿದೆ, ಇನ್ನು ಇವಳು ಹೊಲಿದರೆ?

ಅಂಗಡಿಯಿಂದ ನೀಲಿ ಬಟ್ಟೆ ತರಿಸಿ, ಜಗಲಿಯ ಮೇಲೆ ಕೂತು, ಮಗುವನ್ನು ಎದುರಿಗೆ ನಿಲ್ಲಿಸಿಕೊಂಡಳು. ನೆರಿಗೆ ಹಿಡಿದು, ಟಾಕು ಹಾಕಿ ತೊಡಿಸಿದಳು. ಸಡಿಲ ಕಂಡಿತು, ಬಿಚ್ಚಿದಳು. ಮತ್ತೆ ಹೊಲಿದಳು. "ಉಸ್ರು ತಗೋ ಅಮ್ಮಣ್ಣಿ. ಈಗ ಬಗ್ಗು. ಕೈ ಮೇಲಕ್ಕೆತ್ತು." ಸಂಜೆಯ ಹೊತ್ತಿಗೆ ಸ್ಕರ್ಟು ಸೊಂಟದ ಮೇಲೆ ಅಲ್ಲಾಡದೆ ಕೂತಿತ್ತು. ನಾನು ಮುಟ್ಟಿ ನೋಡಿದೆ. ನಾಲ್ಕು ಬೆರಳಿರಲಿ, ಒಂದೂ ಹೆಚ್ಚಿಗೆ ಇಲ್ಲ!

"ಬೆಳೆಯೋದಕ್ಕೆ ಬಿಡಲೇ ಇಲ್ವಲ್ಲ ಅತ್ತೆ?"

ಅತ್ತೆ ತಲೆ ಎತ್ತಲಿಲ್ಲ. "ಬಿಟ್ರೆ, ಇವ್ಳು ಈಗ ಕಮ್ಮಿಯಾಗವ್ಳೆ ಅಂದಂಗಾಯ್ತದೆ ಕಣ್ಲಾ. ಇವತ್ತು ಹೆಂಗವ್ಳೋ ಹಂಗೇ ಸರಿಯಾಗವ್ಳೆ ನನ್ನ ಕೂಸು. ದಪ್ಪಗಾಗ್ಲಿ, ನಾನೇ ಬತ್ತೀನಿ, ಬಿಚ್ಚಿ ಹೊಲ್ಕೊಡ್ತೀನಿ. ಎಷ್ಟು ಸಲ ಆದ್ರೂ ಬತ್ತೀನಿ." ದಾರವನ್ನು ಹಲ್ಲಿನಲ್ಲಿ ಕಡಿದಳು.

ಮಾರನೆಯ ಬೆಳಿಗ್ಗೆ ಮಗಳು ಗೇಟಿನವರೆಗೂ ಸ್ಕರ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆದಳು. ಅಲ್ಲಿ ಮೆಲ್ಲಗೆ ಕೈ ಬಿಟ್ಟು, ನಿಂತು ನೋಡಿದಳು. ಜಾರಲಿಲ್ಲ. ತಿರುಗಿ, ಜಗಲಿಯ ಮೇಲಿದ್ದ ಅತ್ತೆಯ ಕಡೆಗೆ ಎರಡೂ ಕೈ ಎತ್ತಿ ಬೀಸಿದಳು.