ಕೋವಿಗೂ ವಾರಂಟಿ ಇದೆ ಸ್ವಾಮಿ

ಹುಣಸೂರಿನ ನನ್ನ ಕೋವಿ ಅಂಗಡಿಯ ಬಾಗಿಲು ತೆಗೆದು ದೇವರ ಫೋಟೋಕ್ಕೆ ಹೂವು ಇಡುವುದರೊಳಗೆ ಯಾರಾದರೊಬ್ಬರು ಕಂಪನಿಯವರನ್ನು ಬಯ್ಯುತ್ತಾ ಬಂದೇ ಬರುತ್ತಾರೆ. ಯಾರೂ ಬರದ ದಿನ ಇವತ್ತೇನು ಸರ್ಕಾರಿ ರಜೆಯೋ ಅಂತ ನಾನು ಕ್ಯಾಲೆಂಡರ್ ನೋಡುತ್ತೇನೆ.

ನಮ್ಮಪ್ಪನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಕೋವಿ ಕೆಟ್ಟರೆ ಅಪ್ಪ ಬಿಚ್ಚುತ್ತಿದ್ದರು, ಅರದಿಂದ ಉಜ್ಜುತ್ತಿದ್ದರು, ಎಣ್ಣೆ ಬಿಡುತ್ತಿದ್ದರು, ಸರಿಹೋಗುತ್ತಿತ್ತು. ಈಗ ಮಿಕ್ಸಿಗೆ, ಫ್ಯಾನಿಗೆ ಕೊಟ್ಟ ಹಾಗೆ ಕೋವಿಗೂ ಒಂದು ವರ್ಷ ವಾರಂಟಿ ಕೊಡುತ್ತಾರೆ. ಆ ವರ್ಷದೊಳಗೆ ನಾನು ಒಂದು ಸ್ಕ್ರೂ ತಿರುಗಿಸಿದರೂ ವಾರಂಟಿ ಹೋಯಿತು. ರಿಪೇರಿ ಗೊತ್ತಿದ್ದೂ ಕೈಕಟ್ಟಿ ಕೂತು, ಉತ್ತರದ ಕಡೆಯ ಫ್ಯಾಕ್ಟರಿಗೆ ಫೋನ್ ಹಚ್ಚಬೇಕು. ಅವರ ಹಿಂದಿಯನ್ನು ಕನ್ನಡ ಮಾಡಿ ರೈತರಿಗೆ ಹೇಳಬೇಕು. ರೈತರ ಬೈಗುಳಕ್ಕೆ ಸ್ವಲ್ಪ ಮರ್ಯಾದೆ ಬೆರೆಸಿ ಹಿಂದಿಯಲ್ಲಿ ಅವರಿಗೆ ಹೇಳಬೇಕು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆ ಕೋವಿ ಅಂಗಡಿಯವರು ಹತ್ತಿರದಲ್ಲಿ ಯಾರೂ ಇಲ್ಲದ್ದರಿಂದ ಇದುವರೆಗೆ ಎದುರು ಮಾತು ಬಂದಿಲ್ಲ.

ನನ್ನ ಗಿರಾಕಿಗಳು ಬಹುಪಾಲು ಹೊಲ ತೋಟದವರು. ಬೆಳೆ ಕಾಯಲು ಲೈಸೆನ್ಸ್ ಪಡೆದವರು. ಹಂದಿ ಬಂದರೆ, ಆನೆ ಬಂದರೆ ಆಕಾಶಕ್ಕೆ ಒಂದು ಈಡು ಹೊಡೆದು ಹೆದರಿಸಬೇಕು, ಅಷ್ಟೇ ಅವರ ಬೇಟೆ.

ವಿಡಿಯೋ ಕಳಿಸಿ

ಬಿಳಿಕೆರೆ ಕಡೆಯ ಒಬ್ಬರು ಮುಸುಕಿನ ಜೋಳ ಬೆಳೆಯುವವರು. ಹೊಸ ಕೋವಿ ಕೊಂಡುಹೋಗಿ ಇನ್ನೂ ಹಬ್ಬ ಒಂದು ಕಳೆದಿರಲಿಲ್ಲ, ವಾಪಸ್ ಬಂದರು. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರೆ ಟಕ್ ಅನ್ನುತ್ತದೆಯೇ ಹೊರತು ಈಡು ಹಾರುವುದಿಲ್ಲ. ಆ ಟಕ್ ಶಬ್ದ ಹಂದಿಗಳಿಗೂ ಅಭ್ಯಾಸವಾಗಿ, ಈಗ ಅದು ಕೇಳಿದರೆ ಮನೆಯವರು ಎಚ್ಚರವಾಗಿದ್ದಾರೆ, ಗಾಬರಿ ಬೇಡ ಅಂತ ತಿನ್ನುತ್ತಾ ಇರುತ್ತವೆ ಅಂತ ಅವರ ದೂರು. ಅರ್ಧ ಹೊಲ ಹೋಗಿತ್ತು.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ನಯವಾಗಿ, ದೋಷದ ವಿಡಿಯೋ ಕಳಿಸಿದರೆ ಮಾತ್ರ ಮುಂದಿನ ಕ್ರಮ ಎಂದಳು.

ಸರಿ, ರೈತರು ಹೊಲದಲ್ಲಿ ಕೋವಿ ಹಿಡಿದು ನಿಂತರು, ಅವರ ಹೆಂಡತಿ ಮೊಬೈಲ್ ಹಿಡಿದು ನಿಂತರು. ಆ ವಿಡಿಯೋ ನಾನೂ ನೋಡಿದ್ದೇನೆ. ಮೊದಲು ಗಂಡ, ಆಮೇಲೆ ಆಕಾಶ, ಆಮೇಲೆ ಢಂ ಅಂತ ಸದ್ದು, ಆಮೇಲೆ ಬರೀ ಮಣ್ಣು. ಮಣ್ಣಿನ ಹಿಂದಿನಿಂದ ಹೆಂಡತಿಯ ದನಿ, "ಹೊಡೆಯಲ್ಲ ಅಂದ್ರಲ್ರೀ." ಕಂಪನಿಯಿಂದ ಉತ್ತರ ಬಂತು: ನಿಮ್ಮ ಕೋವಿ ಸುಸ್ಥಿತಿಯಲ್ಲಿದೆ, ಅಭಿನಂದನೆಗಳು.

ಇನ್ನೊಮ್ಮೆ ತೆಗೆದರು, ಆಗಲೂ ಹಾರಿತು. ಮೊಬೈಲ್ ಒಳಗಿಟ್ಟು ಬಂದು ಎಳೆದರೆ ಟಕ್. ಮತ್ತೆ ಮೊಬೈಲ್ ತಂದರೆ ಢಂ. ಒಳಗಿನ ಸ್ಪ್ರಿಂಗ್ ಸಡಿಲವಾಗಿದೆ, ಒಂದು ಸಲ ಹಿಡಿಯುತ್ತದೆ ಒಂದು ಸಲ ಬಿಡುತ್ತದೆ ಅಂತ ನನಗೆ ಗೊತ್ತು. ಮೂರು ವಾರ ಕಂಪನಿಯವರ ಬೆನ್ನು ಬಿದ್ದು ಸ್ಪ್ರಿಂಗ್ ಬದಲಾಯಿಸಿ ಕೊಡಿಸಿದೆ. ಕೋವಿ ಈಗ ಒಂದು ಸಲವೂ ಕೈಕೊಟ್ಟಿಲ್ಲ. ಆದರೂ ಹಂದಿ ಬಂದಾಗಲೆಲ್ಲ ಹೆಂಡತಿ ಪಕ್ಕದಲ್ಲಿ ಮೊಬೈಲ್ ಎತ್ತಿಕೊಂಡು ನಿಲ್ಲಲೇಬೇಕಂತೆ. ಇನ್ನೂ ಯಾಕೆ ಅಂತ ರೈತರನ್ನು ಕೇಳಿದೆ.

"ಸ್ಪ್ರಿಂಗ್ ಬದ್ಲಾಯ್ಸವ್ರೆ, ಇಲ್ಲ ಅನ್ನಲ್ಲ ಕಣಣ್ಣ. ಆದ್ರೂ ಯಾರೋ ನೋಡ್ತಾವ್ರೆ ಅಂತ ಕೋವಿಗೆ ಒಸಿ ಭಯ ಇರ್ಲಿ."

ದೊಡ್ಡ ಡಬ್ಬ

ಕೆ.ಆರ್. ನಗರದ ಯಜಮಾನರೊಬ್ಬರು ಭತ್ತದ ಮಿಲ್ಲಿನವರು. ವಯಸ್ಸಾಗಿದೆ, ಕಿವಿ ಮಂದ, ಅವಸರ ಅನ್ನುವುದನ್ನು ಕಂಡವರಲ್ಲ. ಅವರ ಜೋಡು ನಳಿಗೆ ಕೋವಿಯ ಕುದುರೆ ಅಲುಗಾಡುತ್ತಿತ್ತು. ನಾನು ನೆಂಟರ ಮದುವೆಗೆ ಹೋಗಿದ್ದ ದಿನ ನೋಡಿ ಅವರೇ ಕಂಪನಿಗೆ ಫೋನ್ ಮಾಡಿಸಿದ್ದಾರೆ. ಅಲ್ಲಿಯವರು ನಮಗೆ ಕಳಿಸಿಕೊಡಿ ಅಂದಿದ್ದಾರೆ. ಅಂದರೆ, ಅಂಗಡಿಯ ಮೂಲಕ, ಪೊಲೀಸರ ಅನುಮತಿ ಪಡೆದು, ಕ್ರಮವಾಗಿ ಕಳಿಸಿ ಅಂತ. ಯಜಮಾನರಿಗೆ ಕೇಳಿಸಿದ್ದು ಕಳಿಸಿ ಎನ್ನುವುದೊಂದೇ.

ಕೋವಿಯನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ನೆಟ್ಟಗೆ ಕೊರಿಯರ್ ಆಫೀಸಿಗೆ ಹೋದರು. ಕೌಂಟರಿನವನು ಏನಿದೆ ಅಂತ ಕೇಳಿದ. ಯಜಮಾನರಿಗೆ ಪ್ರಶ್ನೆ ಕೇಳಿಸಲಿಲ್ಲ. ತೋರಿಸಿ ಅಂದನೇನೋ ಅಂದುಕೊಂಡು ಪಂಚೆ ಬಿಚ್ಚಿದರು. ನಳಿಗೆ ಎರಡೂ ಅವನ ಕಡೆಗೇ ತಿರುಗಿದ್ದವು. ಒಳಗೆ ಗುಂಡಿನ ತೋಟಾ ಇರಲಿಲ್ಲ, ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು. ಸೀದಾ ಮೇಜಿನ ಕೆಳಗೆ ಇಳಿದುಬಿಟ್ಟ.

ಯಜಮಾನರು ಬೆಂಚಿನ ಮೇಲೆ ಕೂತರು. ಪಾರ್ಸೆಲ್ ಕಟ್ಟಲು ಅವನು ಕೆಳಗೆ ಡಬ್ಬ ಹುಡುಕುತ್ತಿದ್ದಾನೆ ಅಂತ ಅವರ ಲೆಕ್ಕ. ಸ್ವಲ್ಪ ಹೊತ್ತು ನೋಡಿ, "ದೊಡ್ ಡಬ್ಬನೇ ತೆಗಿಯಪ್ಪ, ಇದು ಉದ್ದ ಐತೆ" ಎಂದರು. ಅವನು ಕೆಳಗಿನಿಂದಲೇ ಪೊಲೀಸರಿಗೆ ಫೋನ್ ಮಾಡಿದ.

ಠಾಣೆಯವರು ಓಡಿಬಂದು ನೋಡಿದರೆ ಪರಿಚಯದ ಮುಖ. ಚುನಾವಣೆ ಬಂದಾಗಲೆಲ್ಲ ಎಲ್ಲರೂ ಕೋವಿ ತಂದು ಠಾಣೆಯಲ್ಲಿ ಇಡಬೇಕು. ಈ ಯಜಮಾನರಿಗೆ ಮಾತ್ರ ಆಳು ಕಳಿಸಿ, ಪುನಃ ಆಳು ಕಳಿಸಿ ತರಿಸಬೇಕಾಗುತ್ತಿತ್ತು. ಸಾಹೇಬರು ಕರೆದೊಯ್ದು ಕಾಫಿ ತರಿಸಿ, ಕೋವಿ ಒಳಗಿಟ್ಟು ನನಗೆ ಫೋನ್ ಮಾಡಿದರು. ಮದುವೆ ಊಟ ಬಿಟ್ಟು ಓಡಿದೆ. ಲೈಸೆನ್ಸ್ ತೋರಿಸಿ, ವಿಷಯ ತಿಳಿಸಿ, ಕೌಂಟರಿನವನನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ ಸಾಕು ಸಾಕಾಯಿತು. ಆಮೇಲೆ ಕುದುರೆಯನ್ನು ಕಂಪನಿಯವರು ಸರಿಮಾಡಿಯೇ ಕೊಟ್ಟರು ಅನ್ನಿ.

ಮನೆಗೆ ಬಿಡುವಾಗ ದಾರಿಯಲ್ಲಿ ಯಜಮಾನರು ಹೇಳಿದರು: "ಪಾಪ, ಒಳ್ಳೆಯವ್ನು. ಅಷ್ಟೊತ್ತು ಕೂತು ಹುಡುಕುದ್ರೂ ಡಬ್ಬ ಸಿಗ್ನಿಲ್ಲ ನೋಡು."

ಒಂದು ಸ್ಟಾರ್

ಹುಣಸೂರಿನ ಪಕ್ಕದಲ್ಲೇ ಇರುವ ತಂಬಾಕು ಬೆಳೆಗಾರರೊಬ್ಬರ ಕೋವಿಯ ಮರದ ಹಿಡಿ ಬಿರುಕು ಬಿಟ್ಟಿತ್ತು. ಎಂದೂ ಇಲ್ಲದ ಹಾಗೆ ಕಂಪನಿಯವರು ಒಂದೂ ಪ್ರಶ್ನೆ ಕೇಳದೆ ಹೊಸ ಹಿಡಿ ಕಳಿಸಿದರು. ಬೆಳೆಗಾರರಿಗೆ ಖುಷಿಯೋ ಖುಷಿ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಮೊಬೈಲಿಗೆ ಮೆಸೇಜು ಬಂತು. ಒಂದು ಒತ್ತಿದರು.

ಅರ್ಧ ಗಂಟೆಯಲ್ಲಿ ಕಂಪನಿಯ ಮ್ಯಾನೇಜರ್ ಗಾಬರಿಯಿಂದ ನನಗೆ ಫೋನ್ ಮಾಡಿದ, ಏನು ತಪ್ಪಾಯಿತು, ಬೇಕಾದರೆ ಕೋವಿಯನ್ನೇ ಬದಲಾಯಿಸುತ್ತೇವೆ ಅಂತ. ನಾನು ಬೆಳೆಗಾರರನ್ನು ಕರೆಸಿ ವಿಚಾರಿಸಿದೆ. ಫಸ್ಟ್ ಕ್ಲಾಸ್ ಕೆಲಸ ಮಾಡಿದ್ದಾರೆ, ಅದಕ್ಕೇ ಒಂದನೇ ನಂಬರ್ ಕೊಟ್ಟೆ ಅಂದರು. ಹಾಗಲ್ಲ, ಚೆನ್ನಾಗಿದ್ದರೆ ಐದು ಕೊಡಬೇಕು ಅಂತ ತಿಳಿಸಿ ಹೇಳಿದೆ.

ಅವರು ಮುಖ ಸಪ್ಪಗೆ ಮಾಡಿಕೊಂಡರು. "ಇಷ್ಟ್ ಚೆನ್ನಾಗ್ ಮಾಡವ್ರೆ, ಅವ್ರುನ್ನ ಐದ್ನೇ ಸ್ಥಾನಕ್ ತಳ್ಳಕ್ಕೆ ನಂಗ್ ಮನ್ಸಿಲ್ಲ ಕಣ್ರೀ."

ತವರುಮನೆ

ಪಿರಿಯಾಪಟ್ಟಣದ ಒಬ್ಬ ವರ್ತಕರು, ತೋಟವೂ ಇದೆ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗು, ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅವರು ಹೊಸ ಕೋವಿ ಕೊಂಡ ಒಂಬತ್ತನೇ ತಿಂಗಳಿಗೆ ಚುನಾವಣೆ ಬಂದು ಅದು ಠಾಣೆ ಸೇರಿತು. ತಿಂಗಳುಗಟ್ಟಲೆ ಅಲ್ಲಿದ್ದು ಹೊರಗೆ ಬಂತು. ಬಿಡಿಸಿಕೊಂಡು ತಂದು ಒರೆಸಿ ನೋಡಿದರೆ, ನಳಿಗೆ ಸೇರುವ ಜಾಗದ ಕೊಂಡಿ ಸಡಿಲ. ಅದೇ ಹೊತ್ತಿಗೆ ವಾರಂಟಿ ವರ್ಷವೂ ಮುಗಿದಿತ್ತು. ಕಂಪನಿಯವರು ಆಗುವುದಿಲ್ಲ ಅಂದುಬಿಟ್ಟರು. ನಾನೂ ಎರಡು ಸಲ ಮಾತಾಡಿ ಸೋತೆ. ಆ ಕೊಂಡಿ ಬೇರೆ ಎಲ್ಲೂ ಸಿಗುವುದಿಲ್ಲ. ಅದಿಲ್ಲದಿದ್ದರೆ ಕೋವಿ ಬರೀ ಊರುಗೋಲು.

ವರ್ತಕರು ಅಂಗಡಿಗೆ ಬಂದು ಕೂತು, ಫೋನ್ ಹಚ್ಚು, ನಾನು ಹೇಳಿದ್ದನ್ನು ಹಾಗೇ ಹಿಂದಿಯಲ್ಲಿ ಹೇಳು, ನಿನ್ನದೇನೂ ಸೇರಿಸಬೇಡ ಅಂದರು. ಹಚ್ಚಿದೆ.

"ಸ್ವಾಮಿ, ಮದುವೆಯಾದ ವರ್ಷ ಹೆಣ್ಣುಮಗಳು ಆಷಾಢಕ್ಕೆ ತವರಿಗೆ ಹೋಗ್ತಾಳೆ. ತವರಲ್ಲಿದ್ದ ದಿನಾನೂ ಸೊಸೆ ನಮ್ಮನೇಲಿ ಗೇದ್ಲು ಅಂತ ಯಾವ ಅತ್ತೆನಾದ್ರೂ ಒಪ್ಕೋತಾಳಾ?"

ಹಿಂದಿಯಲ್ಲಿ ಹೇಳಿದೆ. ಆ ಕಡೆ ಮ್ಯಾನೇಜರ್, ಇಲ್ಲ, ಒಪ್ಪುವುದಿಲ್ಲ ಅಂದ.

"ನನ್ ಕೋವಿ ಠಾಣೆಗೆ ಹೋಗಿದ್ದೂ ಹಂಗೇ. ಸರ್ಕಾರ ಕರೀತು, ಹೋಯ್ತು. ಅಲ್ಲಿದ್ದಾಗ ಒಂದ್ ಈಡೂ ಹಾರಿಸಿಲ್ಲ. ಆ ದಿನಗಳನ್ನ ಕಳೆದು ಆಮೇಲೆ ವರ್ಷ ಲೆಕ್ಕ ಹಾಕಿ."

ಆ ಕಡೆ ನಗು ಕೇಳಿಸಿತು. ತಮ್ಮ ಕಡೆಯೂ ಶ್ರಾವಣದಲ್ಲಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ ಅಂತ ಹೇಳಿ, ಠಾಣೆಯ ರಸೀದಿಯ ಫೋಟೋ ಕಳಿಸಿ, ಕೊಂಡಿ ಕಳಿಸುತ್ತೇನೆ ಅಂದ. ಫೋನ್ ಇಡುವ ಮುಂಚೆ ನನ್ನೊಬ್ಬನನ್ನೇ ಮೆಲ್ಲಗೆ ಕೇಳಿದ, ಇವರು ವಕೀಲರಾ ಅಂತ.

ಅಲ್ಲ, ಮೂರು ಹೆಣ್ಣುಮಕ್ಕಳ ತಂದೆ ಅಂದೆ.

ಸದ್ದು ಸಾಲದು

ಹೆಗ್ಗಡದೇವನಕೋಟೆಯಿಂದ ಆಚೆ, ಎನ್. ಬೇಗೂರಿನ ಕಡೆ ಒಬ್ಬ ತಾಯಿ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಲೈಸೆನ್ಸ್ ತಮ್ಮ ಹೆಸರಿಗೆ ಮಾಡಿಸಿಕೊಂಡು, ಹಳೆಯ ಕೋವಿ ಕೊಟ್ಟು ಹೊಸದು ತಗೊಂಡವರು. ಕಾಡಿಗೆ ಅಂಟಿಕೊಂಡ ಬಾಳೆ ತೋಟ. ಒಬ್ಬರೇ ನೋಡಿಕೊಳ್ಳುತ್ತಾರೆ, ಯಾರಿಗೂ ಹೆದರುವುದಿಲ್ಲ.

ಅವರ ದೂರು ಬೇರೆಯವರ ದೂರಿನ ಹಾಗಲ್ಲ. ಕೋವಿ ಚೆನ್ನಾಗಿದೆ, ಈಡು ಹಾರುತ್ತದೆ, ಸದ್ದು ಮಾತ್ರ ಸಾಲದು ಅಂತ. ಗಂಡನ ಕೋವಿ ಹೊಡೆದರೆ ಕೇರಳದಲ್ಲಿ ನಾಯಿ ಬೊಗಳುತ್ತಿತ್ತಂತೆ. ಇದಕ್ಕೆ ಆನೆ ಕಿವಿಯೂ ಆಡಿಸುವುದಿಲ್ಲವಂತೆ. ತಾಯಿ, ಸದ್ದು ವಾರಂಟಿಯಲ್ಲಿ ಬರುವುದಿಲ್ಲ ಅಂತ ನಾನು ತಿಳಿಹೇಳಿದೆ. ಕೊಲ್ಲುವುದಕ್ಕಂತೂ ಕಾನೂನಿಲ್ಲ, ಕೋವಿ ಇರುವುದೇ ಸದ್ದಿಗೆ, ಆ ಸದ್ದಿಗೇ ವಾರಂಟಿ ಇಲ್ಲ ಅಂದರೆ ಮತ್ತೆ ಯಾವುದಕ್ಕೆ ಕೊಟ್ಟಿದ್ದೀರಿ ಅಂತ ಕೇಳಿದರು. ಆ ಪ್ರಶ್ನೆಯನ್ನು ಹಾಗೇ ಹಿಂದಿ ಮಾಡಿ ಕಂಪನಿಗೆ ದಾಟಿಸಿದೆ. ತಾಯಿ ಬಿಡಲಿಲ್ಲ. ಕೊನೆಗೆ ಕಂಪನಿಯವರು ಮೈಸೂರಿಗೆ ಬೇರೆ ಕೆಲಸಕ್ಕೆ ಬಂದಿದ್ದ ತಮ್ಮ ಎಂಜಿನಿಯರ್ ಒಬ್ಬನನ್ನು ನೋಡಿಕೊಂಡು ಬಾ ಅಂತ ಕಳಿಸಿದರು.

ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಬಿಳಿ ಶೂ ಹಾಕಿದ್ದ, ಸದ್ದು ಅಳೆಯುವ ಮೀಟರ್ ತಂದಿದ್ದ. ತಾಯಿ ಬೇಯಿಸಿದ ಮರಗೆಣಸು, ಕಾಯಿ ಚಟ್ನಿ ಕೊಟ್ಟು ಉಪಚಾರ ಮಾಡಿದರು. ಆಮೇಲೆ ತೋಟದ ಅಂಚಿನಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹೊಡೆದರು. ಎಂಜಿನಿಯರ್ ಮೀಟರ್ ತೋರಿಸಿ, ಸದ್ದು ಇರಬೇಕಾದಷ್ಟು ಇದೆ ಅಂದ. ನಾನು ಕನ್ನಡದಲ್ಲಿ ಹೇಳಿದೆ.

"ಆ ಡಬ್ಬಿನ ಯಾಕಪ್ಪ ಕೇಳ್ತೀರಿ, ಆನೆನ ಕೇಳಿ" ಅಂದರು ತಾಯಿ.

ಕೇಳುವ ಅವಕಾಶ ಅವತ್ತೇ ಬಂತು. ಹೊತ್ತು ಇಳಿಯುತ್ತಿತ್ತು, ನಾವು ಹೊರಡುವುದರಲ್ಲಿದ್ದೆವು. ಬಿದಿರಿನ ಮೆಳೆಯ ಕಡೆಯಿಂದ ಒಂಟಿ ಸಲಗವೊಂದು ಬಂದು, ಆನೆ ತಡೆಯಲು ತೋಡಿದ್ದ ಕಂದಕ ಕುಸಿದಿದ್ದ ಜಾಗದಲ್ಲಿ ಇಳಿದು ಹತ್ತಿ, ತೋಟದೊಳಗೆ ಕಾಲಿಟ್ಟಿತು. ಮುಂದಿನ ವಾರ ಕಡಿಯಬೇಕಾಗಿದ್ದ ಗೊನೆಗಳು. ತಾಯಿಯ ವರ್ಷದ ದುಡಿಮೆಯೆಲ್ಲ ಅಲ್ಲೇ ತೂಗುತ್ತಿತ್ತು. ಎಂಜಿನಿಯರ್ ಹಲಸಿನ ಮರದ ಹಿಂದೆ ಹೋದ. ನಾನು ಅವನ ಹಿಂದೆ ಹೋದೆ, ಅವನಿಗೆ ಧೈರ್ಯ ಹೇಳಲು.

ತಾಯಿ ಈಡು ಹೊಡೆದರು. ಆನೆ ಒಂದು ಗಿಡ ಕಿತ್ತಿತು. ಇನ್ನೊಂದು ಈಡು ಹೊಡೆದರು. ಇನ್ನೊಂದು ಗಿಡ ಕಿತ್ತಿತು. ತಾಯಿ ನಮ್ಮ ಕಡೆ ತಿರುಗಿ, ಕಂಡಿರಾ ಅನ್ನುವ ಹಾಗೆ ನೋಡಿದರು. ಕೋವಿಯನ್ನು ಬೇಲಿಗೆ ಒರಗಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಲೇಯ್, ಓದ್ ವರ್ಸ ತಿಂದಿದ್ ಸಾಲ್ದಾ ನಿಂಗೆ? ನೀರ್ ಆಯ್ಸ್ದೋಳು ನಾನು, ಗೊಬ್ರ ಒತ್ತೋಳು ನಾನು. ನಡಿ ಆಚೆಗೆ."

ಬರೆದರೆ ಇಷ್ಟೇ. ಕೇಳಬೇಕಿತ್ತು ನೀವು. ನನ್ನ ಎದೆ ಅದುರಿತು, ಹಲಸಿನ ಮರದ ಹಕ್ಕಿಗಳೆಲ್ಲ ಎದ್ದವು. ಆನೆ ಸೊಂಡಿಲಿನಲ್ಲಿದ್ದ ಬಾಳೆಯನ್ನು ಅಲ್ಲೇ ಬಿಟ್ಟು, ಒಂದು ಗಳಿಗೆ ನಿಂತು, ತಿರುಗಿ ಬಂದ ದಾರಿಯಲ್ಲೇ ಹೋಯಿತು. ಓಡಲಿಲ್ಲ, ಬೈಸಿಕೊಂಡವರು ನಡೆಯುವ ಹಾಗೆ ತಲೆ ತಗ್ಗಿಸಿಕೊಂಡು ನಡೆಯಿತು.

ಎಂಜಿನಿಯರ್ ಕೈಯಲ್ಲಿದ್ದ ಮೀಟರ್ ಚಾಲೂ ಇತ್ತು. ಅವನು ಅದನ್ನು ನೋಡಿದ, ಒರೆಸಿ ನೋಡಿದ, ನನಗೂ ತೋರಿಸಿದ. ಕೋವಿಯ ಅಂಕಿಗಿಂತ ತಾಯಿಯ ಅಂಕಿ ಮೇಲಿತ್ತು. ಕೋವಿಯಲ್ಲಿ ದೋಷವಿಲ್ಲ ಅಂತ ಬರೆದುಕೊಂಡ. ಹುಣಸೂರು ಮುಟ್ಟುವವರೆಗೂ ಅವನು ಕೇಳಿದ್ದು ಒಂದೇ ಪ್ರಶ್ನೆ: ಇವರಿಗೆ ಕೋವಿ ಯಾಕೆ ಬೇಕು?

ಅದು ನನಗೂ ಕೊರೆಯುತ್ತಿತ್ತು. ಬಾಳೆಗೊನೆ ಎಲ್ಲ ಕಡಿದು ಮಾರಿದ ಮೇಲೆ ತಾಯಿ ತೋಟಾ ಕೊಳ್ಳಲು ಅಂಗಡಿಗೆ ಬಂದರು. ಕೇಳಿಯೇಬಿಟ್ಟೆ. ಅವರು ತೋಟಾಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ನನ್ನನ್ನು ಏನೂ ತಿಳಿಯದವನ ಹಾಗೆ ನೋಡಿದರು.

"ನೆಗಡಿಯಾಗಿ ಗಂಟಲು ಕಟ್ಕಂಡ್ ದಿನಕ್ಕೆ ಬ್ಯಾಡ್ವೇನಪ್ಪ?"