ಹನ್ನೊಂದು ಗೆರೆಯ ವ್ಯಾಪಾರ

ಶಂಭುಲಿಂಗನಿಗೆ ಈ ಲೋಕದಲ್ಲಿ ಹೆದರಿಕೆ ಅಂತ ಇದ್ದದ್ದು ಕಂಪ್ಲಿಯಲ್ಲಿದ್ದ ಮಾವನ ರೈಸ್ ಮಿಲ್ಲಿನದು. (ಹಾವು, ಚೇಳು, ಹೆಂಡತಿ ಎಲ್ಲ ಅದಾದ ಮೇಲೆ.) ತೌಡಿನ ಧೂಳನ್ನು ಹೇಗೋ ಸಹಿಸಬಹುದಿತ್ತು. ಆದರೆ ಮಾವ ಉಜ್ಜಿನಪ್ಪನವರು ಮುಂಜಾನೆ ಬಾಯಿ ತೆರೆದರೆ ಮಿಲ್ಲಿನ ಮೋಟಾರು ನಿಂತ ಮೇಲೂ ಅವರು ನಿಲ್ಲುತ್ತಿರಲಿಲ್ಲ. ಅಂಥವರು ತಿಂಗಳಿಗೊಮ್ಮೆ ಹೊಸಪೇಟೆಯ ಅಳಿಯನ ಮನೆಗೆ ಬಂದು, ಮಗಳು ಬಡಿದ ರೊಟ್ಟಿ ಉಂಡು, ಕೈ ತೊಳೆಯುವ ಮೊದಲೇ ಅದೇ ಮಾತು ತೆಗೆಯುತ್ತಿದ್ದರು.

“ಅಳಿಯಂದ್ರ, ಆ ಚೀಲದ ಅಂಗಡಿ ಮುಚ್ಚಿ ಮಿಲ್ಲಿಗೆ ಬಂದುಬಿಡ್ರಿ. ನನ್ನ ಮಗ್ಗಲಾಗ ಒಂದು ಕುರ್ಚಿ ಹಾಕಸ್ತೀನಿ. ಕುಂತು ಕೇಳಿದ್ರ ಸಾಕು, ವ್ಯಾಪಾರ ತಾನಾ ಬರ್ತೈತಿ.”

ಕುಂತು ಕೇಳುವುದು! ದಿನಕ್ಕೆ ಹನ್ನೆರಡು ತಾಸು! ಶಂಭುಲಿಂಗನ ಕಿವಿ ಆಗಲೇ ಗುಂಯ್ ಎನ್ನತೊಡಗುತ್ತಿತ್ತು.

ಅಂಗಡಿ ಇದ್ದದ್ದು ಕಮಲಾಪುರದಲ್ಲಿ, ಹಂಪಿಗೆ ಹೋಗುವ ರಸ್ತೆಯ ಮೇಲೆ. ಸಂಡೂರು ಕಡೆಯ ಲಂಬಾಣಿ ಹೆಂಗಸರು ಕನ್ನಡಿ ಕೂಡಿಸಿ ಹೊಲಿದ ಚೀಲ, ಬಾಳೆನಾರಿನ ಬುಟ್ಟಿ ಅಲ್ಲಿ ಮಾರುತ್ತಿದ್ದ. ಮಾರುತ್ತಿದ್ದ ಎನ್ನುವುದಕ್ಕಿಂತ, ದಿನಾ ಧೂಳು ಜಾಡಿಸಿ ಅದೇ ಮೊಳೆಗೆ ನೇತು ಹಾಕುತ್ತಿದ್ದ ಎಂದರೆ ನಿಜಕ್ಕೆ ಹತ್ತಿರ.

ಹೀಗಿರುವಾಗ ಒಂದು ದಿನ ಗೈಡ್ ಮಾಲತೇಶ್ ಬಂದು ಶುಭವಾರ್ತೆ ಹೇಳಿದ. “ಅಣ್ಣಾ, ಬರೋ ಗುರುವಾರ ಜಪಾನಿನ ಹೆಣ್ಮಗಳೊಬ್ಬರು ಬರ್ತಾರ. ಮಿಚಿಕೊ ಅಂತ. ಅವರ ಊರಾಗ ಅವರದಾ ಒಂದು ಅಂಗಡಿ ಐತಂತ. ಮೂರು ಕಡಿ ಚೀಲ ತೋರಸ್ತೀನಿ, ಮನಸ್ಸಿಗೆ ಬಂದ ಕಡಿ ಕಾಯಂ ತಗೊಂತಾರ.”

ಶಂಭುಲಿಂಗನ ತಲೆ ಚುರುಕಾಯಿತು. ಚೀಲ ಮೂರು ಅಂಗಡಿಯಲ್ಲೂ ಇರುತ್ತದೆ. ಆದರೆ ಬಂದ ಅತಿಥಿಯ ಮುಂದೆ ಅವರದೇ ಅಕ್ಷರವನ್ನು ಸ್ವಹಸ್ತದಿಂದ ಬರೆದು ಒಪ್ಪಿಸುವ ವರ್ತಕಶಿರೋಮಣಿ ಎಲ್ಲಿ ಸಿಕ್ಕಾನು?

“ಮಾಲತೇಶಾ, ವ್ಯಾಪಾರ ಅನ್ನೋದನ್ನ ಅವರು ಹೆಂಗ ಬರೀತಾರ?”

ಮಾಲತೇಶ್ ಮೊಬೈಲಿನಲ್ಲಿ ತೋರಿಸಿದ: 商.

“ಒಂದಾ ಅಕ್ಷರ ಅಣ್ಣಾ. ಆದ್ರ ಹನ್ನೊಂದು ಗೆರಿ. ಯಾವುದು ಮೊದಲು, ಯಾವುದು ಆಮ್ಯಾಲೆ ಅಂತ ಕ್ರಮ ಐತಿ. ತಪ್ಪಿದ್ರ ನೋಡೋರಿಗೆ ಗೊತ್ತಾಗಿಬಿಡ್ತೈತಿ.”

ಹನ್ನೊಂದೇ ತಾನೆ ಎಂದುಕೊಂಡ ಶಂಭುಲಿಂಗ, ಆ ಉತ್ಸಾಹದಲ್ಲೇ ಮಾವನಿಗೆ ಫೋನು ಹಚ್ಚಿ, ಗುರುವಾರ ಬಂದು ಅಳಿಯನ ಪಾಂಡಿತ್ಯ ನೋಡಬೇಕೆಂದು ಆಹ್ವಾನ ಕೊಟ್ಟ.

“ಬರಿಯಾಕ ಬರಲಿಲ್ಲಂದ್ರ?” ಎಂದರು ಉಜ್ಜಿನಪ್ಪನವರು.

“ಬರಲಿಲ್ಲಂದ್ರ ಸೋಮವಾರದಿಂದ ನಿಮ್ಮ ಮಿಲ್ಲಿಗೆ ಬರ್ತೀನ್ರಿ!”

ಫೋನು ಇಟ್ಟ ಮೇಲೆ ತಾನು ಏನು ಹೇಳಿದೆ ಎನ್ನುವುದು ಅವನಿಗೆ ಅರ್ಥವಾಯಿತು. ಒಂದು ತಂಬಿಗೆ ನೀರು ಕುಡಿದು ಅಭ್ಯಾಸಕ್ಕೆ ಕೂತ.

ಮುಂದಿನ ಎಂಟು ದಿನ ಆ ಮನೆಯಲ್ಲಿ ಬರೆಯದ ಜಾಗ ಉಳಿಯಲಿಲ್ಲ. ಹಳೆಯ ಪೇಪರು, ಕ್ಯಾಲೆಂಡರಿನ ಬೆನ್ನು, ಮಂಡಕ್ಕಿ ಕಟ್ಟಿಕೊಂಡು ಬಂದ ಹಾಳೆ, ಕೊನೆಗೆ ಪರಾತದಲ್ಲಿ ಹರಡಿದ್ದ ಜೋಳದ ಹಿಟ್ಟನ್ನೂ ಅವನು ಬಿಡಲಿಲ್ಲ. ಆರನೆಯ ಗೆರೆಯವರೆಗೆ ಸಲೀಸಾಗಿ ಹೋಗುತ್ತಿದ್ದ ಬೆರಳು ಏಳನೆಯದಕ್ಕೆ ಬಂದು ದಾರಿ ತಪ್ಪುತ್ತಿತ್ತು.

“ಏನ್ರಿ ಇದು, ಹಿಟ್ಟಿನಾಗ ಕೈ ಆಡಸ್ತೀರಿ?” ಹೆಂಡತಿ ಶೈಲಶ್ರೀ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಸುಮ್ನಿರು ಶೈಲಾ. ಇದು ವ್ಯಾಪಾರ,” ಎಂದು ಮೊಬೈಲಿನಲ್ಲಿದ್ದ ಅಕ್ಷರ ತೋರಿಸಿದ.

“ಇದಾ? ನೋಡಿದ್ರ ಹಂಗಾ ಗೊತ್ತಾಗ್ತೈತಿ ಬಿಡ್ರಿ. ಮ್ಯಾಲೆ ಚಪ್ಪರ, ಕೆಳಗ ಬಾಗಲಾ ಇಲ್ಲದ ಅಂಗಡಿ, ಒಳಗ ಕಾಲು ಅಗಲ ಮಾಡಿ ಕುಂತ ಸಾವ್ಕಾರ, ಅವನ ಮುಂದ ಗಲ್ಲಾಪೆಟ್ಟಿಗಿ. ನಿಮ್ಮ ಸಾವ್ಕಾರನ ಒಂದು ಕಾಲು ಎಲ್ಲಿ ಹೋತು?”

ನೋಡುತ್ತಾನೆ, ನಿಜವಾಗಿಯೂ ಕಾಲು ಇಲ್ಲ! ಎರಡು ದಿನದಿಂದ ಕುಂಟ ಸಾಹುಕಾರನನ್ನು ಬರೆಯುತ್ತಿದ್ದ. ಶೈಲಶ್ರೀ ಅದೇ ಹಿಟ್ಟಿನಲ್ಲಿ ಎರಡು ಕಾಲನ್ನೂ ಎಳೆದು ತೋರಿಸಿ, ನೀರು ಹಾಕಿ ಇಡೀ ಜಪಾನೀ ವ್ಯಾಪಾರವನ್ನು ನಾದಿ ಒಲೆಯ ಕಡೆ ಹೋದಳು. ಆದರೆ ಅಂದಿನಿಂದ ಶಂಭುಲಿಂಗನ ಕೈ ಪಳಗಿತು. ಬುಧವಾರ ಕಣ್ಣು ಮುಚ್ಚಿ ಬರೆದರೂ ಹನ್ನೊಂದು ಗೆರೆ ತಂತಮ್ಮ ಜಾಗಕ್ಕೆ ಬಂದು ಕೂತವು.

ಗುರುವಾರ ಬಂತು. ಉಜ್ಜಿನಪ್ಪನವರು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು, ಅಂಗಡಿಯಲ್ಲಿದ್ದ ಒಂದೇ ಕುರ್ಚಿಯನ್ನು ಹಿಡಿದರು. ಶೈಲಶ್ರೀ ಚಹಾದ ಫ್ಲಾಸ್ಕಿನೊಂದಿಗೆ ಮೂಲೆಯಲ್ಲಿ ನಿಂತಳು. ಮಾಲತೇಶನ ಜೊತೆ ಬಂದ ಮಿಚಿಕೊ ಬೆಳ್ಳಿ ಕೂದಲಿನ, ಮೃದುವಾದ ಹೆಂಗಸು. ಅಂಗಡಿಯವರು ಜಪಾನಿನ ಅಕ್ಷರ ಬರೆಯುತ್ತಾರೆ ಎಂದು ಮಾಲತೇಶ್ ಹೇಳಿದ್ದೇ ತಡ, ಆಕೆ ತಮ್ಮ ಚೀಲದಿಂದ ಕೈಯಿಂದಲೇ ಮಾಡಿದ ಒಂದು ಬಿಳಿ ಹಾಳೆ, ಒಂದು ಕುಂಚ, ಮಸಿಯ ಬಟ್ಟಲು ತೆಗೆದು ಗಲ್ಲಾದ ಮೇಲೆ ಹರಡಿದರು.

“ಅಣ್ಣಾ, ಹುಷಾರು. ಅಂಥಾ ಹಾಳಿ ಅವರ ಕಡಿ ಅದೊಂದಾ ಐತಂತ,” ಎಂದ ಮಾಲತೇಶ್.

ಶಂಭುಲಿಂಗ ಕುಂಚವನ್ನು ಮಸಿಯಲ್ಲಿ ಅದ್ದಿದ. ಇಷ್ಟು ದಿನ ಬರೆದದ್ದೆಲ್ಲ ರದ್ದಿಯ ಮೇಲೆ. ಇದು ಹೊಸ ಹಾಳೆ, ಹೊಸ ಮಸಿ, ಹೊಸ ಗಿರಾಕಿ. ಅಜ್ಜನ ಕಾಲದಿಂದಲೂ ಆ ಮನೆತನದವರು ಹೊಸ ಹಾಳೆಯ ಮೇಲೆ ಮೊದಲು ಏನು ಬರೆಯುತ್ತಿದ್ದರು ಎನ್ನುವುದನ್ನು ಅವನ ತಲೆ ಮರೆತಿತ್ತು, ಕೈ ಮರೆತಿರಲಿಲ್ಲ. ಲಗ್ನಪತ್ರಿಕೆಯಾಗಲಿ, ಸಂತೆಯ ಚೀಟಿಯಾಗಲಿ, ಅದಿಲ್ಲದೆ ಮುಂದಿನ ಅಕ್ಷರ ಬಿದ್ದದ್ದೇ ಇಲ್ಲ. ಕೈ ತನ್ನ ಪಾಡಿಗೆ ತಾನು ಹೋಯಿತು. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ, ಗುಂಡಗೆ, ಕಪ್ಪಗೆ, ರವೊತ್ತಿನ ಬಾಲ ಸಮೇತ ಬರೆದು ಮುಗಿಸಿತು: ಶ್ರೀ.

ಇನ್ನು ಒಂದು ಸಾಸಿವೆ ಇಡಲೂ ಹಾಳೆಯಲ್ಲಿ ಜಾಗವಿರಲಿಲ್ಲ.

“ಇದಾ ಏನ್ರಿ ಜಪಾನು?” ಎಂದರು ಉಜ್ಜಿನಪ್ಪನವರು. “ಇದು ನನಗೂ ಬರ್ತೈತಿ.”

ಮಿಚಿಕೊ ಬಗ್ಗಿ ನೋಡಿದರು. ಬೆರಳನ್ನು ಮಸಿಗೆ ತಾಗಿಸದೆ ಗಾಳಿಯಲ್ಲೇ ಆ ಬಳುಕಿನ ಮೇಲೆ ಎಳೆದರು. ಏನೋ ಕೇಳಿದರು. ಇದು ಏನು ಅಂತ ಕೇಳ್ತಾರೆ ಎಂದ ಮಾಲತೇಶ್. ಶಂಭುಲಿಂಗ ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟ. ಉತ್ತರ ಬಂದದ್ದು ಶೈಲಶ್ರೀಯಿಂದ.

“ಹೇಳು ಮಾಲತೇಶಾ. ನಾವು ಏನ ಹೊಸಾದು ಶುರು ಮಾಡಿದ್ರೂ ಮೊದಲು ಇದನ್ನ ಬರೀತೀವಿ. ನಿಮ್ಮ ಕೂಡ ವ್ಯಾಪಾರ ಹೊಸಾದು ನೋಡ್ರಿ, ಅದಕ್ಕ ನಮ್ಮ ಮನಿಯವರು ಇದನ್ನ ಬರದಾರ.”

ಅದನ್ನು ಕೇಳಿದ ಮಿಚಿಕೊ ಎರಡೂ ಕೈ ತೊಡೆಗಿಟ್ಟು ಬಗ್ಗಿ ನಮಸ್ಕಾರ ಮಾಡಿದರು. ತಮ್ಮ ಅಕ್ಷರ ತಮ್ಮ ಊರಿನಲ್ಲಿ ಬೇಕಾದಷ್ಟಿದೆ, ಇದನ್ನು ಕಲಿಸಿಕೊಡಿ ಎಂದರಂತೆ. ಶಂಭುಲಿಂಗ ಗಲ್ಲಾದ ಕೆಳಗೆ ರದ್ದಿ ಹಾಳೆ ಹುಡುಕತೊಡಗಿದ. ಉಜ್ಜಿನಪ್ಪನವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು.

“ಆ ಕಡಿ ಸರೀರಿ ಅಳಿಯಂದ್ರ. ನಾನು ಹೇಳಿಕೊಡ್ತೀನಿ.”

ಕಲಿಸಿದ್ದು ಒಂದೂವರೆ ತಾಸು. ಅದರಲ್ಲಿ ಅಕ್ಷರಕ್ಕೆ ಹೋದದ್ದು ಹತ್ತು ನಿಮಿಷ. ಉಳಿದದ್ದರಲ್ಲಿ ಸೋನಾಮಸೂರಿ, ಕಾಲುವೆ ನೀರು, ಹಮಾಲರ ಸೊಕ್ಕು ಎಲ್ಲ ಬಂದವು. ಒಂದಕ್ಷರ ಅರ್ಥವಾಗದಿದ್ದರೂ ಮಿಚಿಕೊ ಪ್ರತಿ ಮಾತಿಗೂ ತಲೆಬಾಗಿ “ಹಾಯ್, ಹಾಯ್” ಎನ್ನುತ್ತಿದ್ದರು. ಹಾಗೆಂದರೆ ಹೌದು ಎಂದರ್ಥವಂತೆ. ಅವರು ಉಳಿದೆರಡು ಅಂಗಡಿಗೆ ಹೋಗಲೇ ಇಲ್ಲ. ಗೋಡೆಯ ಚೀಲವನ್ನೆಲ್ಲ ಆರಿಸಿ, ವರ್ಷಕ್ಕೆ ಎರಡು ಸಲ ಹೀಗೇ ಬೇಕೆಂದು ಹೇಳಿ, ಶ್ರೀಯನ್ನು ಸುರುಳಿ ಸುತ್ತಿಕೊಂಡು ಹೋದರು.

ಶಂಭುಲಿಂಗ ಖಾಲಿ ಮೊಳೆಗಳ ಕೆಳಗೆ ಕಾಲು ಚಾಚಿ ಕೂತ. ಅಂಗಡಿ ಉಳಿಯಿತು, ಮಿಲ್ಲು ತಪ್ಪಿತು! ಎಂಟು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದು, ಶೈಲಶ್ರೀ ಕೊಟ್ಟ ಚಹಾ ಮೊದಲ ಸಲ ರುಚಿ ಹತ್ತಿತು.

“ಅಳಿಯಂದ್ರ,” ಎಂದರು ಉಜ್ಜಿನಪ್ಪನವರು. ಅವರ ಕಣ್ಣು ಇನ್ನೂ ರಸ್ತೆಯ ಕಡೆಗೇ ಇತ್ತು. “ನಲವತ್ತು ವರ್ಷ ಮಿಲ್ಲಿನಾಗ ಮಾತಾಡೀನಿ. ಒಬ್ಬಾವನರ ಹಿಂಗ ತಲಿ ಬಾಗಿಸಿ ಕೇಳಿಲ್ಲ. ನೀವು ಮಿಲ್ಲಿಗೆ ಬರೋದಾ ಬ್ಯಾಡ. ಅದನ್ನ ನಮ್ಮ ಗುಮಾಸ್ತ ಬಸವಕುಮಾರ ನೋಡಿಕೊಂತಾನ. ಸೋಮವಾರ ಮುಂಜಾನಿ ಮೊದಲನೇ ಬಸ್ಸಿಗೆ ನಾನಾ ಇಲ್ಲಿಗೆ ಬರ್ತೀನಿ. ದಿನಾ.”

ಶೈಲಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಶಂಭುಲಿಂಗ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ. ಎರಡೂ ಕೈ ತೊಡೆಗಿಟ್ಟು, ಮಾವನ ಮುಂದೆ ಸೊಂಟದವರೆಗೆ ಬಗ್ಗಿದ.

“ಹಾಯ್,” ಎಂದ.