ಮೂಡಲಗಿಯಲ್ಲಿ ಅಣುಗಳು ದಿಕ್ಕು ತಪ್ಪಿದ್ದು

ಗೊತ್ತಿಲ್ಲದ್ದನ್ನು ಗೊತ್ತಿದ್ದವರಂತೆ ಬರೆಯುವುದು ನಮ್ಮ ಪತ್ರಕರ್ತರ ಕಸುಬಿನ ಅರ್ಧ ಭಾಗ. ಉಳಿದರ್ಧ, ಅದನ್ನು ಸಂಜೆಯೊಳಗೆ ಕಳಿಸುವುದು. ಗೋಕಾಕದಲ್ಲಿ ಕೂತು ನಾನು ಮಳೆ, ಕಬ್ಬು, ಸನ್ಮಾನ ಎಲ್ಲವನ್ನೂ ಬರೆದಿದ್ದೇನೆ. ಆದರೆ ನನ್ನ ಹೆಂಡತಿ ಶೈಲಾ ಏನು ಸಂಶೋಧನೆ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವರಿಗೆ ಚಹಾ ತರಿಸಿ ಮಾತು ಮರೆಸುತ್ತಿದ್ದೆ. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅವಳ ವಿಷಯ ದ್ರವ ಹರಳು: ನೀರಿನಂತೆ ಹರಿಯುತ್ತದೆ, ಆದರೆ ಒಳಗಿನ ಅಣುಗಳು ಹರಳಿನಲ್ಲಿದ್ದಂತೆ ಒಂದೇ ದಿಕ್ಕಿಗೆ ನಿಂತಿರುತ್ತವೆ. ಊರ ಜನಕ್ಕೆ ತಿಳಿಯುವಂತೆ ಅದನ್ನು ಹೇಳಲು ಮೂಡಲಗಿಯ ಶಾಲೆಯೊಂದು ಕರೆದಾಗ ಅವಳಿಗೆ ದಿಗಿಲಾಯಿತು.

"ಮಂದಿಗೆ ತಿಳೀಲಿಲ್ಲಂದ್ರ ಇನ್ನ ಮ್ಯಾಲ ಭಾಷಣಕ್ಕ ಹೋಗಂಗಿಲ್ರಿ ನಾ" ಎಂದಳು.

ನಾನು ಸುದ್ದಿಮನೆಯ ಶಿಸ್ತಿನಲ್ಲಿ ಕೇಳಿದೆ: "ಯಾರು? ಎಲ್ಲಿ? ಏನ್ ಮಾಡಿದ್ರು?"

"ಅಣುಗಳು. ದ್ರವ ಹರಳಿನ ದ್ರಾವಕದಾಗ. ಬಿಸಿ ಆದಂಗ ದಿಕ್ಕು ತಪ್ಪಿದ್ವು."

"ದ್ರಾವಕ ಅಂದ್ರ?"

"ಹುಕ್ಕೇರ್ಯಾಗ ನಮ್ಮ ತವರುಮನಿ ಇದ್ದಂಗ. ಅಲ್ಲಿ ಎಲ್ಲಾರೂ ನಮ್ಮಪ್ಪನ ಕಡೆ ಮುಖ ಮಾಡಿ ಕುಂದರ್ತಾರ. ಹೊರಗಿಂದ ಬಂದ ನೀವೂ ಒಳಗ ಕಾಲಿಟ್ಟಕೂಡ್ಲೆ ಹಂಗ ತಿರಗ್ತೀರಿ."

ವಿಜ್ಞಾನವನ್ನೂ ನನ್ನ ಸ್ಥಾನವನ್ನೂ ಇಷ್ಟು ಸ್ಪಷ್ಟವಾಗಿ ಯಾರೂ ವಿವರಿಸಿರಲಿಲ್ಲ. "ಇದನ್ನ ಹೇಳು" ಎಂದೆ. "ಅಪ್ಪಾ ಸಿಟ್ಟಾಗ್ತಾರ" ಎಂದಳು.

ಮೂಡಲಗಿಯ ಆ ಶಾಲೆಯ ಸಭಾಂಗಣಕ್ಕೆ ತಗಡಿನ ಮಾಡು. ಮಾತು ಶುರುವಾದಾಗ ಎಲ್ಲರ ಮುಖ ಅವಳ ಕಡೆಗೇ ಇತ್ತು. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನುಗಳು ನಿಂತವು. ಕೆಲವರು ಕಿಟಕಿಯತ್ತ ವಾಲಿದರು, ಕೆಲವರು ಪಕ್ಕದವರ ಬೀಸಣಿಕೆಯತ್ತ. ಅವಳು ಹೇಳಿದ ವಾಕ್ಯವನ್ನೇ ಮತ್ತೆ ಮೊದಲಿನಿಂದ ಶುರುಮಾಡಿದಳು. ಮುಂದಿನ ಸಾಲಿನಲ್ಲಿದ್ದ ನಾನು ಸರಿಯಾಗಿ ಅದೇ ಹೊತ್ತಿಗೆ ಕುರ್ಚಿಯನ್ನೇ ಬಾಗಿಲ ಗಾಳಿಗೆ ತಿರುಗಿಸಿಕೊಂಡೆ.

"ನೋಡ್ರಿ, ಇದ ನನ್ನ ವಿಷಯ!" ಎಂದಳು ಶೈಲಾ. "ತಂಪಿದ್ದಾಗ ಎಲ್ಲಾರೂ ಈ ಕಡೆ ಇದ್ರಿ. ಕಾವು ಏರಿದಂಗ ಒಬ್ಬೊಬ್ಬರದು ಒಂದೊಂದು ದಿಕ್ಕು. ಅಣುಗಳೂ ಹಂಗ. ತಂಪಾದ್ರ ಮತ್ತ ಸಾಲಿಗೆ ಬರ್ತಾವ. ಪೂರ್ತಿ ಬೆನ್ನು ತೋರ್ಸಿದ ಆ ಅಣು ನಮ್ಮ ಯಜಮಾನ್ರು!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರುಮಾಲು ಸುತ್ತಿದ ಹಿರಿಯರೊಬ್ಬರು, "ಅಕ್ಕಾರ, ಆ ಅಣುಗೆ ಒಂದು ಬೀಸಣಿಕಿ ಕೊಡಸ್ರಿ!" ಎಂದರು. ಕರೆಂಟು ಬರಲೇ ಇಲ್ಲ. ಮುಖಗಳು ಮಾತ್ರ ಅವಳ ಕಡೆ ಮರಳಿದವು, ಕೊನೆಯವರೆಗೂ ಕದಲಲಿಲ್ಲ.

ಬಸ್ಸಿನಲ್ಲಿ ಅವಳು, "ಹುಕ್ಕೇರಿಯವ್ರೂ ಭಾಷಣಕ್ಕ ಕರದಾರ್ರಿ, ಹೊಂಟೇನಿ. ನೀವು ಕುರ್ಚಿ ತಿರುವಿದ್ದು ನೋಡೇ ನನಗ ಹೊಳದದ್ದು. ದೊಡ್ಡ ಉಪಕಾರ ಆತು" ಎಂದಳು. ಆ ತಗಡಿಗೂ, ಹೋದ ಕರೆಂಟಿಗೂ ನಾನು ಋಣಿ. ಇಷ್ಟು ವರ್ಷ ಅವಳ ಮಾತಿಗೆ ಮುಖ ಕೊಟ್ಟು ಕೂತವನಿಗೆ ಬೆನ್ನು ಕೊಟ್ಟ ದಿನ ಉಪಕಾರ ಸ್ಮರಣೆ ಸಿಕ್ಕಿತು. ಮನೆಗೆ ಬಂದವನೇ ವರದಿ ಕಳಿಸಿದೆ, ಒಂದಕ್ಷರವೂ ಸುಳ್ಳಿಲ್ಲ. ಬೆನ್ನು ತೋರಿಸಿದವರ ಹೆಸರು ಮಾತ್ರ ಸ್ಥಳಾಭಾವದಿಂದ ಬಿಟ್ಟುಹೋಯಿತು.